ಕವಚ, ಕೋವಿ ಮತ್ತು ಶ್ರಾವಕ

2024ರ ಮಾರ್ಚ್ 11ರಂದು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದರ ಕುಸಿದುದರಿಂದ ಕೆರಳಿದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು. ವಾಹನಗಳಿಗೆ ಬೆಂಕಿ ಬಿದ್ದಿತು. ಅದಕ್ಕೆ ಎಂಟು ತಿಂಗಳು ಮೊದಲು, 2023ರ ಜುಲೈಯಲ್ಲಿ, ಚಿಕ್ಕೋಡಿ ತಾಲ್ಲೂಕಿನ ಹಿರೇಕೋಡಿಯ ನಂದಿಪರ್ವತ ಆಶ್ರಮದಲ್ಲಿದ್ದ ಆಚಾರ್ಯ ಶ್ರೀ ಕಾಮಕುಮಾರನಂದಿ ಮಹಾರಾಜರ ಹತ್ಯೆಯಾಯಿತು. ಸಮಾಜಕ್ಕೆ ರಕ್ಷಣೆ ಬೇಕೆಂದು ವರೂರಿನಲ್ಲಿ ಶ್ರೀ ಗುಣಧರನಂದಿ ಮಹಾರಾಜರು ಉಪವಾಸ ಕುಳಿತರು. ಮೊದಲನೆಯದು ಹೊಟ್ಟೆಪಾಡಿನ ಸಿಟ್ಟು, ಎರಡನೆಯದು ಘೋರ ಪಾತಕ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಇಂಥ ಸುದ್ದಿಗಳ ಬೆನ್ನಿಗೆ ವ್ಯಾಪಾರಸ್ಥರ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ರಿವಾಲ್ವರಿಗೆ ಪರವಾನಗಿ ಪಡೆಯಬಾರದೇಕೆ? ಯಾವುದು ಒಳ್ಳೆಯದು, ಬೆಲೆ ಎಷ್ಟು, ಗುಂಡು ತಡೆಯುವ ಅಂಗಿ ಎಲ್ಲಿ ದೊರೆಯುತ್ತದೆ?

ಪ್ರಶ್ನೆಯಲ್ಲಿ ತಪ್ಪಿಲ್ಲ. ಅದಕ್ಕೆ ಸಿದ್ಧವಾಗಿರುವ ಉತ್ತರಗಳನ್ನು ಮಾತ್ರ ವಿಮರ್ಶಿಸಬೇಕಾಗಿದೆ. ಹಿಂಸೆಯಲ್ಲಿ ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಬಗೆಗಳಿವೆ. ಗೃಹಸ್ಥನು ತ್ಯಜಿಸಬೇಕಾದುದು ಸಂಕಲ್ಪೀ ಹಿಂಸೆಯನ್ನು. ಶತ್ರುವನ್ನು ಎದುರಿಸುವಾಗ ಆಗುವ ವಿರೋಧೀ ಹಿಂಸೆ ಅವನಿಗೆ ಅನಿವಾರ್ಯ. ಆದ್ದರಿಂದ ಕೋವಿ ಕೊಳ್ಳುವುದರಲ್ಲಿ ದೋಷವಿಲ್ಲ ಎಂಬುದು ಪ್ರವಚನಗಳಲ್ಲಿಯೂ ಕೇಳಿಬರುವ ವಾದ. ಇದರ ಮೊದಲ ಮೂರು ಮೆಟ್ಟಿಲುಗಳು ಭದ್ರವಾಗಿವೆ. ನಾಲ್ಕನೆಯದಕ್ಕೆ ಹಾರುವಾಗ ಕಾಲು ಜಾರುತ್ತದೆ. ವಿರೋಧೀ ಹಿಂಸೆ ಎಂಬುದು ಒಂದು ಕ್ಷಣಕ್ಕೆ ಸಂಬಂಧಿಸಿದ ಮಾತು. ಎದುರಾಳಿ ಮೇಲೆರಗಿದ್ದಾನೆ, ಬೇರೆ ದಾರಿಯಿಲ್ಲ, ಕೈ ತಡೆಯಿತು. ಆಯುಧವನ್ನು ಆರಿಸಿ, ಬೆಲೆ ಚೌಕಾಸಿ ಮಾಡಿ, ಮನೆಗೆ ತಂದು, ಇಪ್ಪತ್ತು ವರ್ಷ ಇರಿಸಿಕೊಳ್ಳುವುದು ಕ್ಷಣದ ಮಾತಲ್ಲ. ಅಲ್ಲಿ ವಿರೋಧಿ ಇನ್ನೂ ಬಂದೇ ಇಲ್ಲ. ಇರುವುದು ಖರೀದಿದಾರನ ಸಂಕಲ್ಪವೊಂದೇ. ವಿನಾಯಿತಿಯನ್ನು ಮುಂಗಡವಾಗಿ ಜಮಾ ಮಾಡಿಕೊಳ್ಳುವ ಲೆಕ್ಕ ಶಾಸ್ತ್ರದಲ್ಲಿಲ್ಲ.

ಎರಡನೆಯ ಆಧಾರವಾಗಿ ಸೋಮದೇವಸೂರಿಗಳ ಯಶಸ್ತಿಲಕವನ್ನು ತೋರಿಸುವುದುಂಟು. ಯುದ್ಧದಲ್ಲಿ ಶಸ್ತ್ರ ಹಿಡಿದು ಬಂದವನ ಮೇಲೆ, ಅಥವಾ ನಾಡಿಗೆ ಕಂಟಕನಾದವನ ಮೇಲೆ ಮಾತ್ರ ಆಯುಧ ಪ್ರಯೋಗವೆಂದೂ, ದೀನರ ಮೇಲೆ ಸಲ್ಲದೆಂದೂ ಅಲ್ಲಿಯ ಅಭಿಪ್ರಾಯ. ಆದರೆ ಆ ಮಾತಿನ ಕರ್ತೃಪದ ಅರಸರು. ಸೋಮದೇವರು ರಾಜನೀತಿಯ ಆಚಾರ್ಯರು, ನೀತಿವಾಕ್ಯಾಮೃತ ಬರೆದವರು. ದಂಡಾಧಿಕಾರ ಯಾರದೆಂಬುದನ್ನು ಅವರು ಮರೆತು ಬರೆದವರಲ್ಲ. ಅರಸನಿಗೆ ಹೇಳಿದ್ದನ್ನು ಅಂಗಡಿಕಾರನು ತನಗೆ ವರ್ಗಾಯಿಸಿಕೊಳ್ಳುವುದು ಇನ್ನೊಬ್ಬರ ಹೆಸರಿನ ಹುಂಡಿಯನ್ನು ತಾನೇ ನಗದು ಮಾಡಿಕೊಂಡಂತೆ. ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯವಂತೂ ಇನ್ನೂ ನಿಷ್ಠುರ. ಒಂದು ಹಿಂಸ್ರಜೀವಿಯನ್ನು ಕೊಂದರೆ ಹಲವು ಜೀವಗಳು ಉಳಿದಾವು ಎಂಬ ಗಣಿತವನ್ನೇ ಅದು ಒಪ್ಪುವುದಿಲ್ಲ. ಕೊಲ್ಲದೆಯೂ ಹಿಂಸೆಯ ಫಲವನ್ನು ಉಣ್ಣುವವನಿದ್ದಾನೆ ಎಂಬುದೂ ಆ ಗ್ರಂಥದ್ದೇ ನಿಲುವು. ದಿಂಬಿನ ಕೆಳಗೆ ಪಿಸ್ತೂಲಿಟ್ಟು, ಬರಬಹುದಾದ ಕಳ್ಳನನ್ನು ದಿನವೂ ಮನಸ್ಸಿನಲ್ಲಿ ಹೊಡೆದುರುಳಿಸುವವನ ಸ್ಥಿತಿ ಅದಲ್ಲವೇ?

ಇನ್ನು ಚಾವುಂಡರಾಯನ ಹೆಸರು. ವೀರಮಾರ್ತಾಂಡ, ರಣರಂಗಸಿಂಗ, ಸಮರಪರಶುರಾಮ ಎಂಬ ಬಿರುದುಗಳನ್ನು ಹೊತ್ತ ಸೇನಾನಿ ಗೊಮ್ಮಟನನ್ನು ನಿಲ್ಲಿಸಲಿಲ್ಲವೇ ಎಂಬ ಮಾತು ಎಲ್ಲ ವಾದಗಳಿಗೂ ಬೀಗಮುದ್ರೆ. ಆದರೆ ಅವನ ಖಡ್ಗ ಗಂಗರಾಜ್ಯದ್ದು. ಯಾರ ಮೇಲೆ, ಯಾವಾಗ ಎತ್ತಬೇಕೆಂಬುದು ಅವನ ಸ್ವಂತ ಭಯದಿಂದ ನಿರ್ಧಾರವಾಗುತ್ತಿರಲಿಲ್ಲ. ಹಾವೇರಿ ಜಿಲ್ಲೆಯವರಿಗೆ ಇನ್ನೂ ಹತ್ತಿರದ ದೃಷ್ಟಾಂತವಿದೆ. ಚಾವುಂಡರಾಯನ ಒಡೆಯ ಗಂಗ ಮಾರಸಿಂಹನು ಕಾದಿದ ಯುದ್ಧಗಳನ್ನು ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನ ಸಾಲುಸಾಲಾಗಿ ಹೇಳುತ್ತದೆ. ಹಾಗೆ ಹೇಳಿ, ಆತನು ರಾಜ್ಯವನ್ನು ಬಿಟ್ಟು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ನೋಂತು ಸಲ್ಲೇಖನದಿಂದ ಮುಡಿಪಿದನೆಂದು ಮುಗಿಸುತ್ತದೆ. ಕದರಮಂಡಲಗಿಯಿಂದ ಒಂದು ಹಗಲಿನಲ್ಲಿ ಹೋಗಿ ಬರಬಹುದಾದ ಊರು ಬಂಕಾಪುರ. ಶಾಸನದ ಮೊದಲ ಭಾಗವನ್ನು ಮಾತ್ರ ಓದುವವರ ಸಂಖ್ಯೆ ಏಕೆ ಹೆಚ್ಚಿತೋ ತಿಳಿಯದು. ಗೊಮ್ಮಟನ ಕಥೆಯಂತೂ ಆಯುಧದ ಆಯ್ಕೆಯದೇ ಕಥೆ. ಭರತ ಬಾಹುಬಲಿಗಳ ಸೈನ್ಯಗಳು ಎದುರಾದಾಗ ವ್ಯರ್ಥ ಜೀವಹಾನಿ ಬೇಡವೆಂದು ಮಂತ್ರಿಗಳು ಸೂಚಿಸಿದ್ದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು. ಸೋತ ಭರತ ಸಿಟ್ಟಿನಿಂದ ಕೈಗೆತ್ತಿಕೊಂಡದ್ದು ಚಕ್ರರತ್ನವನ್ನು. ಕೈಯಲ್ಲಿ ಚಕ್ರವಿದ್ದುದರಿಂದಲೇ ಚಕ್ರವರ್ತಿಗೂ ಅಂಥ ಅವಿವೇಕ ಸಾಧ್ಯವಾಯಿತು.

ಗ್ರಂಥಗಳ ಮಾತು ಸಾಕು. ಪೇಟೆಯ ಕಡೆಗೆ ಬರುವುದು ಯುಕ್ತ. ಕದರಮಂಡಲಗಿ ಬ್ಯಾಡಗಿ ರಾಣೇಬೆನ್ನೂರುಗಳ ನಡುವಿನ ಊರು, ಕಾಂತೇಶ ಹನುಮಂತನ ಗುಡಿಯಿಂದ ಹೆಸರಾದದ್ದು. ಅಲ್ಲಿಂದ ದಿನವೂ ಬ್ಯಾಡಗಿ ಪೇಟೆಗೆ ಹೋಗಿ ಬರುವ ಒಬ್ಬ ಮೆಣಸಿನಕಾಯಿ ವರ್ತಕನನ್ನು ಕಲ್ಪಿಸಿಕೊಳ್ಳಬಹುದು. ಅವನ ಭಯಕ್ಕೆ ಕಾರಣ ರಾತ್ರಿ ದಾರಿಯಲ್ಲಿ ಸಾಗಿಸುವ ರೊಕ್ಕ. ಕಾನೂನು ಅವನಿಗೆ ಏನನ್ನು ಕೊಡುತ್ತದೆ? 1959ರ ಶಸ್ತ್ರಾಸ್ತ್ರ ಕಾಯಿದೆಯಡಿ 21 ವರ್ಷ ತುಂಬಿದವನು ಅರ್ಜಿ ಹಾಕಬಹುದು. ಪೊಲೀಸ್ ವರದಿಯ ಮೇಲೆ ಪರವಾನಗಿ ಅಧಿಕಾರಿ ತೀರ್ಮಾನಿಸುತ್ತಾನೆ. 2016ರ ನಿಯಮಗಳು ಸುರಕ್ಷಿತ ಬಳಕೆಯ ತರಬೇತಿಯನ್ನು ಕೇಳುತ್ತವೆ. 2019ರ ತಿದ್ದುಪಡಿಯಿಂದ ಒಬ್ಬನಿಗೆ ಇರಬಹುದಾದ ಕೋವಿಗಳು ಮೂರರಿಂದ ಎರಡಕ್ಕಿಳಿದವು. ಪರವಾನಗಿಯ ಅವಧಿ ಮೂರು ವರ್ಷದಿಂದ ಐದಕ್ಕೇರಿತು. ಮದುವೆ ಮೆರವಣಿಗೆಗಳಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸುವುದು ಶಿಕ್ಷಾರ್ಹವಾಯಿತು. ಕೊಡವರಿಗೆ ಪರವಾನಗಿಯಿಂದ ವಿನಾಯಿತಿ ಇದೆಯಲ್ಲ ಎಂದು ಕೆಲವರು ಬೊಟ್ಟು ಮಾಡುತ್ತಾರೆ. 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿದ ಆ ವಿನಾಯಿತಿಗೆ ಅವರದೇ ಇತಿಹಾಸವಿದೆ. ಕೈಲ್‌ಪೊದಿನಲ್ಲಿ ಕೋವಿಗೆ ಪೂಜೆ ಸಲ್ಲಿಸುವ ಜನಾಂಗದ ಮಾತನ್ನು ತಕ್ಕಡಿ ಪೂಜಿಸುವ ಮನೆಗೆ ಎರವಲು ತರಲಾಗದು.

ನಾಗರಿಕನಿಗೆ ಸಾಮಾನ್ಯವಾಗಿ ದೊರೆಯುವವು ಹನ್ನೆರಡು ಬೋರಿನ ನಳಿಗೆ ಬಂದೂಕು ಮತ್ತು .32 ಬೋರಿನ ರಿವಾಲ್ವರ್ ಅಥವಾ ಪಿಸ್ತೂಲು. ಪೊಲೀಸರ 9 ಮಿಲಿಮೀಟರ್ ಪಿಸ್ತೂಲು ನಿಷೇಧಿತ ವರ್ಗಕ್ಕೆ ಸೇರಿದ್ದು. 2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಮಹಿಳೆಯರಿಗೆಂದು ‘ನಿರ್ಭೀಕ್’ ಎಂಬ ಅರ್ಧ ಕಿಲೋ ತೂಕದ ರಿವಾಲ್ವರನ್ನು ತಂದಿತು. ಬೆಲೆ ಆಗಲೇ ಒಂದು ಲಕ್ಷ ರೂಪಾಯಿಗೆ ಮೇಲ್ಪಟ್ಟಿತ್ತು. ನಿರ್ಭಯತೆಯನ್ನು ಹೆಸರಿನಲ್ಲಿಯೇ ಇಟ್ಟು ಮಾರುವ ಈ ಜಾಣ್ಮೆಗೆ ವರ್ತಕರಾದರೂ ತಲೆದೂಗಬೇಕು. ಆದರೆ ಮೋಟಾರು ಸೈಕಲ್ಲಿನ ಮೇಲೆ ಇಬ್ಬರು ಹಿಂದಿನಿಂದ ಬಂದು ಚೀಲ ಕಸಿದುಕೊಂಡು ಹೋಗಲು ಬೇಕಾಗುವುದು ಕೆಲವೇ ಕ್ಷಣ. ಆ ಅವಧಿಯಲ್ಲಿ ಅರವತ್ತರ ವರ್ತಕನು ಅಂಗಿ ಸರಿಸಿ, ಆಯುಧ ತೆಗೆದು, ಕತ್ತಲೆಯಲ್ಲಿ ಗುರಿಯಿಡಬೇಕು. ಓಡಿಹೋಗುತ್ತಿರುವವನ ಬೆನ್ನಿಗೆ ಹೊಡೆದರೆ ನ್ಯಾಯಾಲಯದಲ್ಲಿ ಉತ್ತರಿಸುವುದು ಕಷ್ಟ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ, ಅದಕ್ಕೆ ಹಿಂದಿನ ದಂಡಸಂಹಿತೆಯಂತೆಯೇ, ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತಲೇ ಅವಶ್ಯಕತೆಗಿಂತ ಹೆಚ್ಚಿನ ಹಾನಿ ಸಲ್ಲದೆನ್ನುತ್ತದೆ. ಇಲ್ಲಿ ದೇಶದ ಕಾನೂನೂ ಶ್ರಾವಕಾಚಾರವೂ ಬಹಳ ದೂರದಲ್ಲಿಲ್ಲ.

ಅದೇ ವರ್ತಕ ಪಾವತಿಯನ್ನು ಬ್ಯಾಂಕಿನ ಮೂಲಕ ಮಾಡಿದರೆ ಚೀಲದಲ್ಲಿ ರೊಕ್ಕವೇ ಇರದು. ಇದು ಎಲ್ಲರಿಗೂ ತಿಳಿದ ಉಪಾಯ. ತಿಳಿದೂ ನಗದನ್ನೇ ಹೊರುವುದಕ್ಕೆ ಕಾರಣ ಕೆಲವೊಮ್ಮೆ ಲೆಕ್ಕಪುಸ್ತಕದಲ್ಲಿ ತೋರಿಸಲಾಗದ ವ್ಯವಹಾರ. ಹಾಗಿದ್ದಲ್ಲಿ ರಿವಾಲ್ವರ್ ರಕ್ಷಿಸುತ್ತಿರುವುದು ಪ್ರಾಣವನ್ನಲ್ಲ, ಸತ್ಯಾಣುವ್ರತದ ಭಂಗವನ್ನು. ಕೋವಿಯ ಚರ್ಚೆಯಲ್ಲಿ ಈ ಮಾತನ್ನು ಯಾರೂ ಎತ್ತುವುದಿಲ್ಲ.

ಕೊಂಡ ಮೇಲೆ ಎಲ್ಲಿಡುವುದು ಎಂಬ ಪ್ರಶ್ನೆ ಉಳಿಯುತ್ತದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಇದನ್ನು ಆಶ್ಚರ್ಯವಾಗುವಷ್ಟು ಸೂಕ್ಷ್ಮವಾಗಿ ಕಂಡಿದೆ. ಕರ್ಮಾಸ್ರವಕ್ಕೆ ಆಧಾರವಾಗುವ ಅಜೀವ ಅಧಿಕರಣಗಳಲ್ಲಿ ‘ನಿಕ್ಷೇಪ’ ಒಂದು. ಎಂದರೆ ವಸ್ತುವನ್ನು ಇಡುವುದು. ವ್ಯಾಖ್ಯಾನಕಾರರು ಅದನ್ನು ನಾಲ್ಕು ಬಗೆ ಮಾಡುತ್ತಾರೆ: ನೋಡದೆ ಇಡುವುದು, ಸರಿಯಾಗಿ ಶುದ್ಧಿಗೊಳಿಸದೆ ಇಡುವುದು, ಅವಸರದಲ್ಲಿ ಇಡುವುದು, ಗಮನವಿಲ್ಲದೆ ಇಡುವುದು. ತೋಟಾ ತುಂಬಿದ ರಿವಾಲ್ವರನ್ನು ಗಲ್ಲಾಪೆಟ್ಟಿಗೆಯಲ್ಲಿಟ್ಟು ಊಟಕ್ಕೆ ಏಳುವವನಿಗೆ ಈ ನಾಲ್ಕೂ ಅನ್ವಯಿಸುತ್ತವೆ. ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆಯಲ್ಲಿ ಆಯುಧ ಒಂದೆಡೆ, ತೋಟಾ ಇನ್ನೊಂದೆಡೆ ಇದ್ದರೆ ಮೊಮ್ಮಕ್ಕಳಿಗೆ ಅಪಾಯವಿಲ್ಲ. ಆದರೆ ನಡುರಾತ್ರಿ ಬಾಗಿಲು ಮುರಿದವನಿಗೂ ಅಪಾಯವಿಲ್ಲ. ಕೈಗೆ ಸಿಗುವಂತೆ ಇಟ್ಟರೆ ಎಲ್ಲರ ಕೈಗೂ ಸಿಗುತ್ತದೆ. ಕ್ರೋಧ ಬಂದಾಗ ಯಜಮಾನನ ಕೈಗೆ, ನಷ್ಟದಿಂದ ಮನಸ್ಸು ಮುರಿದ ಮಗನ ಕೈಗೆ. ಯಾವ ಕಂಪನಿಯ ಆಯುಧವನ್ನು ಆರಿಸಿದರೂ ಈ ಇಕ್ಕಟ್ಟು ಹೋಗದು.

ಕವಚದ ವಿಷಯ ಬೇರೆಯೇ. ಎರಡನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿ ನಿಂದಿಸುವ ಧರ್ಮೋಪದೇಶಕರೂ ಇದ್ದಾರೆ, ಅದು ಸರಿಯಲ್ಲ. ಗುಂಡುನಿರೋಧಕ ಅಂಗಿ ಯಾರನ್ನೂ ನೋಯಿಸದು. ಹಿಂಸೋಪಕರಣಗಳನ್ನು ಕೊಡುವ ‘ಹಿಂಸಾದಾನ’ವನ್ನು ಸಮಂತಭದ್ರಾಚಾರ್ಯರು ಅನರ್ಥದಂಡದಲ್ಲಿ ಎಣಿಸಿದ್ದಾರೆ, ಆ ದೋಷ ಕವಚಕ್ಕೆ ತಗಲದು. ಜೀವಭಯವಿರುವ ಗೃಹಸ್ಥ ಅದನ್ನು ತೊಟ್ಟರೆ ವ್ರತಕ್ಕೆ ಕೊರತೆಯಿಲ್ಲ. ಕೊಳ್ಳುವಾಗ ಮೋಸಹೋಗದಿರುವುದು ಮುಖ್ಯ. ಅರಾಮಿಡ್ ಅಥವಾ ಪಾಲಿಎಥಿಲೀನ್ ಎಳೆಗಳ ಮೆತ್ತನೆಯ ಅಂಗಿ ಪಿಸ್ತೂಲಿನ ಗುಂಡನ್ನು ತಡೆಯುವುದಕ್ಕಾಗಿ ಮಾಡಿದ್ದು. ರೈಫಲಿನ ಗುಂಡಿಗೆ ಸಿರಾಮಿಕ್ ಅಥವಾ ಉಕ್ಕಿನಂಥ ಗಟ್ಟಿ ಫಲಕಗಳು ಬೇಕು. ಅವನ್ನು ಹೊತ್ತು ದಿನವಿಡೀ ವ್ಯಾಪಾರ ಮಾಡಲಾಗದು. ಗುಂಡು ತಡೆಯುವ ಅಂಗಿ ಚೂರಿಯ ಇರಿತವನ್ನು ತಡೆಯುತ್ತದೆಂಬ ಭರವಸೆಯಿಲ್ಲ. ಅದಕ್ಕೆ ಬೇರೆ ಪರೀಕ್ಷೆ, ಬೇರೆ ನೇಯ್ಗೆ. ನಮ್ಮ ಸಣ್ಣ ಊರುಗಳಲ್ಲಿ ಹೆದರಬೇಕಾದುದು ಗುಂಡಿಗಿಂತ ಚೂರಿಗೆ, ಕುಡುಗೋಲಿಗೆ ಎಂಬುದನ್ನು ಕೊಳ್ಳುವವರು ಮರೆಯುತ್ತಾರೆ. ಭಾರತೀಯ ಮಾನಕ ಸಂಸ್ಥೆ 2018ರಲ್ಲಿ ಇಂಥ ಅಂಗಿಗಳಿಗೆ ಐಎಸ್ 17051 ಎಂಬ ಮಾನಕವನ್ನು ಪ್ರಕಟಿಸಿತು. ಮಾನಕದ ಗುರುತಿಲ್ಲದ, ತಯಾರಾದ ದಿನಾಂಕವಿಲ್ಲದ ಸರಕು ಅಗ್ಗವೆಂದು ಕೊಳ್ಳುವುದು ವ್ಯರ್ಥ. ಬೆವರು, ತೇವ, ಬಿಸಿಲುಗಳಿಂದ ಎಳೆಗಳು ಸೊರಗುತ್ತವೆ. ತಯಾರಕರು ಸಾಮಾನ್ಯವಾಗಿ ಐದು ವರ್ಷಕ್ಕಿಂತ ಹೆಚ್ಚಿನ ಮಾತು ಕೊಡುವುದಿಲ್ಲ. ಅಂದರೆ ಇದು ಆಸ್ತಿಯಲ್ಲ, ಸವಕಳಿ ಬರೆಯಬೇಕಾದ ಸರಕು.

ಈಗ ಆರಂಭದ ಎರಡು ಘಟನೆಗಳ ಮುಂದೆ ಈ ಸಾಮಗ್ರಿಯನ್ನು ಇಟ್ಟು ನೋಡಬಹುದು. ಬ್ಯಾಡಗಿಯಲ್ಲಿ ಅಂದು ನೆರೆದದ್ದು ದೊಡ್ಡ ಗುಂಪು. ರಿವಾಲ್ವರಿನಲ್ಲಿ ಇರುವುದು ಆರು ಗುಂಡು. ದಲಾಲಿ ಅಂಗಡಿಯಿಂದ ಒಂದೇ ಒಂದು ಗುಂಡು ಹಾರಿದ್ದರೆ ಬೆಂಕಿ ವಾಹನಗಳಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಆ ಗುಂಡು ತಗಲುತ್ತಿದ್ದುದು ಮರುವರ್ಷ ಅದೇ ಅಂಗಡಿಗೆ ಚೀಲ ತರಬೇಕಾದ ರೈತನಿಗೆ. ಹಿರೇಕೋಡಿಯ ಪ್ರಕರಣದಲ್ಲಿ ಬಂಧಿತರು ಆಶ್ರಮಕ್ಕೆ ಅಪರಿಚಿತರಲ್ಲವೆಂದೂ, ಕೊಟ್ಟ ಹಣವನ್ನು ಮರಳಿ ಕೇಳಿದ್ದು ಕಾರಣವೆಂದೂ ಪೊಲೀಸರು ತಿಳಿಸಿದರು. ದಿಗಂಬರ ಮುನಿಗೆ ಕವಚವೆಲ್ಲಿ, ಕೋವಿಯೆಲ್ಲಿ? ಅಲ್ಲಿ ಬೇಕಾಗಿದ್ದುದು ಶ್ರಾವಕರ ಸಮಿತಿಯೊಂದು ಆಶ್ರಮದ ಹಣಕಾಸನ್ನು ತಾನೇ ಹೊತ್ತುಕೊಂಡು, ರಾತ್ರಿ ಮುನಿಗಳ ಬಳಿ ಇಬ್ಬರು ಮಲಗುವ ವ್ಯವಸ್ಥೆ. ನಿರ್ಗ್ರಂಥರ ಮೇಲೆ ಲೇವಾದೇವಿಯ ಭಾರ ಬಿದ್ದುದಾದರೆ ಅದು ಶ್ರಾವಕ ಸಮಾಜದ ಲೋಪ. ಹತ್ಯೆಯ ನಂತರ ಬಂದ ಠರಾವುಗಳು ಸರ್ಕಾರದ ರಕ್ಷಣೆಯನ್ನು ಕೇಳಿದಷ್ಟು ಜೋರಾಗಿ ಈ ಲೋಪವನ್ನು ಎತ್ತಲಿಲ್ಲ.

ಬಸದಿಗಳ ಟ್ರಸ್ಟುಗಳಿಗೂ ಒಂದು ಮಾತು. 2013ರ ಜುಲೈಯಲ್ಲಿ ಮೂಡಬಿದಿರೆಯ ಸಿದ್ಧಾಂತ ಬಸದಿಯಿಂದ ಅಮೂಲ್ಯ ಜಿನಬಿಂಬಗಳು ಕಳವಾದವು. ಅಂಥ ಕಳವಿನ ನಂತರ ಬಂದೂಕಿನ ಕಾವಲುಗಾರನನ್ನು ನೇಮಿಸೋಣ ಎಂಬ ಸೂಚನೆ ಸಭೆಗಳಲ್ಲಿ ಬರುವುದು ಸಹಜ. ಕಾವಲುಗಾರ ಬೇಡವೆನ್ನಲಾಗದು. ಆದರೆ ಕೃತ, ಕಾರಿತ, ಅನುಮತ ಮೂರೂ ಸಮಾನವೆಂದು ತಿಳಿದ ಟ್ರಸ್ಟಿಗಳು, ಸಂಬಳ ಕೊಟ್ಟು ಹಿಡಿಸಿದ ಬಂದೂಕು ತಮ್ಮದಲ್ಲ ಎನ್ನುವಂತಿಲ್ಲ. ಎಷ್ಟೋ ಬಸದಿಗಳಲ್ಲಿ ಬಿಂಬಗಳ ಭಾವಚಿತ್ರಗಳಿಲ್ಲ, ಅಳತೆ ತೂಕಗಳ ದಾಖಲೆಯಿಲ್ಲ, 1972ರ ಪ್ರಾಚೀನ ವಸ್ತುಗಳ ಕಾಯಿದೆಯಂತೆ ನೋಂದಣಿಯೂ ಆಗಿಲ್ಲ. ಕಳುವಾದ ಬಿಂಬ ಸಿಕ್ಕರೂ ತಮ್ಮದೆಂದು ಸಾಧಿಸಲು ಕಾಗದವಿಲ್ಲದ ಟ್ರಸ್ಟು, ಬಂದೂಕಿನ ಖರ್ಚಿಗೆ ಮಂಜೂರಾತಿ ಕೊಡುವ ಮೊದಲು ಭಾವಚಿತ್ರದ ಖರ್ಚಿಗೆ ಕೊಡಬೇಕು. ಒಳ್ಳೆಯ ಬೀಗ, ಕ್ಯಾಮೆರಾ, ಗಂಟೆ, ಓಣಿಯವರ ಸರದಿ ಪಾಳಿ ಇವೆಲ್ಲ ಸೇರಿದರೂ ಒಬ್ಬ ಬಂದೂಕುಧಾರಿಯ ವರ್ಷದ ಸಂಬಳಕ್ಕೆ ಸಮವಾಗುವುದು ಅನುಮಾನ.

ಕೊನೆಯದಾಗಿ, ಕೊಳ್ಳುವವರಿಗಿಂತ ಇರಿಸಿಕೊಂಡವರ ಸಮಸ್ಯೆ. ಹಿರಿಯರ ಕಾಲದ ಜೋಡಿನಳಿಗೆ ಬಂದೂಕು ಕೆಲವು ಮನೆಗಳ ಅಟ್ಟದಲ್ಲಿದೆ. ಪರವಾನಗಿದಾರ ತೀರಿಕೊಂಡ ಮೇಲೆ ಅದನ್ನು ಸುಮ್ಮನೆ ಇಟ್ಟುಕೊಳ್ಳುವುದು ಅಪರಾಧ. ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಹೊಂದಿದ ಮಾರಾಟಗಾರನಲ್ಲಿ ಜಮೆ ಮಾಡಬೇಕು. ವಾರಸುದಾರರು ಸಾಮಾನ್ಯವಾಗಿ ಎರಡನೆಯ ದಾರಿಯನ್ನು ಹಿಡಿಯುತ್ತಾರೆ, ಏಕೆಂದರೆ ಅಲ್ಲಿ ಗಿರಾಕಿ ಸಿಗುತ್ತಾನೆ. ಕೊಂಡವನು ಅದರಿಂದ ಏನು ಮಾಡುವನೆಂಬುದು ಮಾರಿದವನಿಗೆ ತಿಳಿಯದು. ಅರಿಯದವನ ಕೈಗೆ ಆಯುಧವಿತ್ತರೆ ಅದು ಹಿಂಸಾದಾನವೇ. ಸರ್ಕಾರಕ್ಕೆ ಒಪ್ಪಿಸಿ ಪರವಾನಗಿಯನ್ನು ರದ್ದುಮಾಡಿಸಿದರೆ ಒಂದು ಪೈಸೆಯೂ ಬರುವುದಿಲ್ಲ. ಆ ಮೊತ್ತವನ್ನು ಯಾವ ಖಾತೆಗೆ ಖರ್ಚು ಬರೆಯಬೇಕೆಂಬುದನ್ನು ಆಯಾ ಮನೆಯವರೇ ತೀರ್ಮಾನಿಸಬೇಕು.