ಬೇಕೆಂದೇ ಕೆಡಿಸಿದ ಸಿನಿಮಾ

ಫೋನು ಹಿಡಿದ ಕೈ ನಡುಗಿದರೆ ವಿಡಿಯೊ ತಾನಾಗಿಯೇ ನಡುಗುತ್ತದೆ. ಅದಕ್ಕೆ ಯಾರೂ ಸಂಬಳ ಕೊಡಬೇಕಿಲ್ಲ, ಯಾರೂ ಕೂತು ತಲೆ ಕೆಡಿಸಿಕೊಳ್ಳಬೇಕಿಲ್ಲ. ಕಾರ್ಟೂನಿನಲ್ಲಿ ಆ ಪುಕ್ಕಟೆ ಸೌಲಭ್ಯ ಇಲ್ಲ. ಹಿನ್ನೆಲೆ ಒಂಚೂರು ಜಾರಬೇಕೆಂದರೆ ಎಷ್ಟು ಜಾರಬೇಕು, ಎತ್ತ ಜಾರಬೇಕು, ಎಷ್ಟು ಫ್ರೇಮುಗಳಲ್ಲಿ ವಾಪಸು ಬರಬೇಕು ಎಂದು ಯಾರೋ ಒಬ್ಬರು ಲೆಕ್ಕ ಹಾಕಿಯೇ ತೀರಬೇಕು. ಹಾಗಾಗಿ ಗೆಳೆಯರು ಸೇರಿ ಸಿನಿಮಾ ತೆಗೆಯುವ ಕಥೆ ಕಾರ್ಟೂನಿನಲ್ಲಿ ಬಂದಾಗಲೆಲ್ಲ ನನ್ನ ಕಣ್ಣು ಕಥೆಗಿಂತ ಹೆಚ್ಚಾಗಿ ಆ ಒಳಗಿನ ಸಿನಿಮಾದ ಮೇಲೆಯೇ ಇರುತ್ತದೆ. ಅದು ಎಷ್ಟು ಕೆಟ್ಟದಾಗಿದೆ, ಹಾಗೆ ಕೆಡಿಸಲು ಎಷ್ಟು ಬೆವರು ಸುರಿಸಿದ್ದಾರೆ ಅನ್ನುವುದೇ ನನ್ನ ಅಳತೆಗೋಲು.

ಇಂಥ ಕಥೆಗಳಿಗೇನೂ ಬರವಿಲ್ಲ. 2011ರಲ್ಲಿ ಬಂದ ‘ಅಡ್ವೆಂಚರ್ ಟೈಮ್’ ಸರಣಿಯ ‘ವಿಡಿಯೊ ಮೇಕರ್ಸ್’ ಕಂತಿನಲ್ಲಿ ಫಿನ್‌ಗೆ ಹೊಡೆದಾಟದ ಸಿನಿಮಾ ಬೇಕು, ಜೇಕ್‌ಗೆ ಪ್ರೇಮದ ಹಾಸ್ಯಚಿತ್ರ ಬೇಕು. ಇಬ್ಬರೂ ಮುನಿಸಿಕೊಂಡ ಮೇಲೆ ಬೀಮೊ ಎಂಬ ಪುಟ್ಟ ಯಂತ್ರ ಎರಡನ್ನೂ ಜೋಡಿಸಿ ಒಂದು ಮಾಡುತ್ತದೆ. ಜಗಳ ಸೊಗಸಾಗಿದೆ, ಸಂಕಲನಕಾರನಿಗೆ ಇಷ್ಟು ಮರ್ಯಾದೆ ಕೊಟ್ಟ ಮಕ್ಕಳ ಕಾರ್ಟೂನು ಅಪರೂಪ. ಆದರೆ ನನ್ನ ಅಳತೆಗೋಲಿನ ಮುಂದೆ ಎದೆಯುಬ್ಬಿಸಿ ನಿಲ್ಲುವುದು ಬೇರೆಯದೇ ಒಂದು ಕಂತು.

2006ರ ಏಪ್ರಿಲ್‌ನಲ್ಲಿ ಜಪಾನಿನ ಟಿವಿಯಲ್ಲಿ ‘ದಿ ಮೆಲಂಕಲಿ ಆಫ್ ಹರುಹಿ ಸುಜುಮಿಯಾ’ ಶುರುವಾಯಿತು. ನಾಗಾರು ತನಿಗಾವಾ ಅವರ ಕಾದಂಬರಿಗಳನ್ನು ಆಧರಿಸಿ ಕ್ಯೋಟೊ ಅನಿಮೇಷನ್ ತಯಾರಿಸಿದ ಸರಣಿ. ಮೊದಲ ಕಂತು ಎಂದರೆ ಪಾತ್ರಗಳ ಪರಿಚಯ, ಊರು, ಶಾಲೆ ಎಂದೆಲ್ಲ ಇರಬೇಕಲ್ಲ? ಇವರು ಹಾಕಿದ್ದು ‘ಮಿಕುರು ಅಸಾಹಿನಾಳ ಸಾಹಸಗಳು’ ಎಂಬ ದರಿದ್ರ ಸಿನಿಮಾ. ಹೈಸ್ಕೂಲು ಹುಡುಗ ಹುಡುಗಿಯರು ಶಾಲೆಯ ಉತ್ಸವಕ್ಕೆಂದು ತೆಗೆದದ್ದು. ಪೀಠಿಕೆ ಇಲ್ಲ, ವಿವರಣೆ ಇಲ್ಲ. ನಾಯಕಿ ಭವಿಷ್ಯದಿಂದ ಬಂದ ಯೋಧೆ, ಹೊಡೆದಾಟಕ್ಕೆ ಪರಿಚಾರಿಕೆಯ ವೇಷ. ಖಳನಾಯಕಿ ಯುಕಿ ನಾಗಾಟೊ, ತಲೆಗೆ ಮಾಟಗಾತಿಯ ಟೋಪಿ, ಕೈಯಲ್ಲಿ ತುದಿಗೆ ನಕ್ಷತ್ರ ಅಂಟಿಸಿದ ಕೋಲು, ಹೆಗಲ ಮೇಲೊಂದು ಬೆಕ್ಕು. ಶೀರ್ಷಿಕೆ ಗೀತೆಯನ್ನು ಮಿಕುರುವಿನ ಧ್ವನಿಯಾದ ಯೂಕೊ ಗೊಟೊ ಬೇಕೆಂದೇ ಅಪಸ್ವರದಲ್ಲಿ ಹಾಡಿದ್ದಾರೆ. ಪಕ್ಕಾ ಗಾಯಕಿ ಶ್ರುತಿ ತಪ್ಪಿ ಹಾಡಲು ಎಷ್ಟು ಕಷ್ಟಪಡಬೇಕೆಂದು ಹಾಡುವವರನ್ನೇ ಕೇಳಿ.

ಈ ಕಂತನ್ನು ನಿಲ್ಲಿಸಿ ನಿಲ್ಲಿಸಿ ನೋಡಬೇಕು. ಮಿಕುರು ಸಂಭಾಷಣೆ ಹೇಳುವಾಗ ಕಣ್ಣು ಕ್ಯಾಮರಾದ ಕಡೆ ಹೊರಳುತ್ತದೆ, ‘ಸರಿ ಹೇಳಿದೆನಾ?’ ಎಂದು ಯಾರನ್ನೋ ಕೇಳುವ ಹಾಗೆ. ಆ ನೋಟ ಪಾತ್ರದ್ದಲ್ಲ, ಪಾತ್ರ ಮಾಡುತ್ತಿರುವ ಹೆದರಿದ ಹುಡುಗಿಯದು. ಅಂದರೆ ಚಿತ್ರಕಾರರು ಒಂದೇ ಮುಖದಲ್ಲಿ ಇಬ್ಬರನ್ನು ಬರೆದಿದ್ದಾರೆ: ನಟನೆ ಬಾರದವಳನ್ನೂ, ಅವಳು ನಟಿಸಲು ಹೆಣಗುತ್ತಿರುವ ಯೋಧೆಯನ್ನೂ. ಕ್ಯಾಮರಾ ಹಿಡಿದವನು ಕ್ಯೋನ್, ಇಷ್ಟವಿಲ್ಲದೆ ಹಿಡಿದವನು. ಅವನ ಫೋಕಸ್ಸು ತಪ್ಪುತ್ತದೆ, ಹುಡುಕುತ್ತದೆ, ತಡವಾಗಿ ಮುಖಕ್ಕೆ ಬಂದು ಕೂರುತ್ತದೆ. ಬೆಳಕು ಒಂದು ಶಾಟಿನಿಂದ ಇನ್ನೊಂದಕ್ಕೆ ಹೊಂದುವುದಿಲ್ಲ. ಕಥೆ ಓಡುತ್ತಿರುವಾಗಲೇ ಊರಿನ ಎಲೆಕ್ಟ್ರಾನಿಕ್ಸ್ ಅಂಗಡಿಯದ್ದೊಂದು, ಆಟಿಕೆ ಬಂದೂಕಿನ ಅಂಗಡಿಯದ್ದೊಂದು ಜಾಹೀರಾತು ನುಗ್ಗಿಬಿಡುತ್ತದೆ. ಕ್ಯಾಮರಾ ಕೊಟ್ಟವರ, ಬಂದೂಕು ಕೊಟ್ಟವರ ಋಣ ತೀರಬೇಕಲ್ಲ!

ತಪ್ಪನ್ನು ಬರೆಯುವ ಆಟವನ್ನು ಇತರರೂ ಆಡಿದ್ದಾರೆ. ಪಿಕ್ಸಾರ್‌ನವರು ‘ಎ ಬಗ್ಸ್ ಲೈಫ್’ (1998) ಕೊನೆಗೆ ಇರುವೆಗಳು ಸಂಭಾಷಣೆ ಮರೆತು ನಗುವ ತುಣುಕುಗಳನ್ನು ಸೇರಿಸಿದರು, ‘ಟಾಯ್ ಸ್ಟೋರಿ 2’ರಲ್ಲೂ ಅದನ್ನೇ ಮಾಡಿದರು. ಮುದ್ದಾಗಿವೆ, ಆದರೆ ಕಥೆ ಮುಗಿದ ಮೇಲಿನ ಒಗ್ಗರಣೆ ಅಷ್ಟೆ. 2007ರ ‘ಸರ್ಫ್ಸ್ ಅಪ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪೆಂಗ್ವಿನ್‌ಗಳ ಮೇಲೆ ಯಾರೋ ಸಾಕ್ಷ್ಯಚಿತ್ರ ತೆಗೆಯುತ್ತಿದ್ದಾರೆ ಎಂಬ ಸೋಗಿನ ಚಿತ್ರ ಅದು. ಕೈಯಲ್ಲಿ ಹಿಡಿದ ಕ್ಯಾಮರಾದ ಅಲುಗಾಟ ಬೇಕೆಂದು ನಿಜವಾದ ಮನುಷ್ಯನ ಕೈಗೇ ಕ್ಯಾಮರಾ ಕೊಟ್ಟು, ಆ ಚಲನೆಯನ್ನು ಕಂಪ್ಯೂಟರಿಗೆ ಇಳಿಸಿಕೊಂಡರು. ಜಾಣತನವೇ. ಆದರೆ ಅಲ್ಲಿ ನಡುಗುವುದು ಕಸುಬು ಬಲ್ಲವನ ಕೈ. ಕ್ಯೋನ್‌ನ ಕೈ ಕಸುಬು ಬಾರದ, ಬೇಸತ್ತ ಹುಡುಗನದು, ಆ ಬೇಸರವೂ ಚಿತ್ರದಲ್ಲಿ ಕಾಣುತ್ತದೆ.

ಈ ಸಿನಿಮಾ ಹೇಗೆ ತಯಾರಾಯಿತು ಎಂಬ ಕಥೆ ಮೂರು ವರ್ಷದ ನಂತರ, 2009ರಲ್ಲಿ ಐದು ಕಂತುಗಳಲ್ಲಿ ಬಂತು. ಅದನ್ನು ನೋಡಿದ ಮೇಲೆ ಮೊದಲು ನಕ್ಕ ಜಾಗಗಳಲ್ಲಿ ನಗು ಬರುವುದಿಲ್ಲ. ತೋಳಿಗೆ ‘ಮಹಾ ನಿರ್ದೇಶಕಿ’ ಎಂಬ ಪಟ್ಟಿ ಕಟ್ಟಿಕೊಂಡ ಹರುಹಿ ಮಿಕುರುವನ್ನು ಗೊಂಬೆಯ ಹಾಗೆ ಆಡಿಸುತ್ತಾಳೆ, ಕೆರೆಗೆ ಎಸೆಸುತ್ತಾಳೆ. ಸಹಿಸಲಾಗದೆ ಒಂದು ಹಂತದಲ್ಲಿ ಕ್ಯೋನ್ ಕೈ ಎತ್ತುತ್ತಾನೆ, ಗುಂಪಿನ ಗೆಳೆಯ ಕೊಯಿಜುಮಿ ಹಿಡಿದುಕೊಳ್ಳದಿದ್ದರೆ ಏಟು ಬಿದ್ದೇಬಿಡುತ್ತಿತ್ತು. ಈ ಐದು ಕಂತು ಅಭಿಮಾನಿಗಳಲ್ಲಿ ಹಲವರಿಗೆ ಸೇರಲಿಲ್ಲ. ನನಗೂ ಎರಡು ಕಂತು ಕಡಿಮೆಯಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. ಆದರೆ ಶೂಟಿಂಗ್ ಎಂಬ ಜಾಗದಲ್ಲಿ ಒಬ್ಬರ ಉತ್ಸಾಹ ಇನ್ನೊಬ್ಬರಿಗೆ ಹಿಂಸೆಯಾಗುವುದನ್ನು ಇಷ್ಟು ನೇರವಾಗಿ ತೋರಿಸಿದ ಬೇರೆ ಕಾರ್ಟೂನು ನನ್ನ ಕಣ್ಣಿಗೆ ಬಿದ್ದಿಲ್ಲ. ಚಿಕ್ಕ ಮಕ್ಕಳ ಜೊತೆ ಕೂತು ನೋಡುವಂಥದ್ದಲ್ಲ, ಅದು ಬೇರೆ ಮಾತು.

ಚಿಕ್ಕವರಿಗೆ ಡೋರೇಮಾನ್ ಇದ್ದಾನೆ. ನಮ್ಮ ಕಡೆಯ ಎಷ್ಟೋ ಮಕ್ಕಳು ಪಾಠಕ್ಕಿಂತ ಮೊದಲು ಹಂಗಾಮಾ ಚಾನೆಲ್ಲಿನ ಈ ಬೆಕ್ಕಿನಿಂದಲೇ ಹಿಂದಿ ಕಲಿತರು ಎಂಬ ದೂರು ಮನೆಮನೆಯಲ್ಲಿ ಇದ್ದದ್ದೇ. 1985ರಲ್ಲಿ ತೆರೆಕಂಡ ಡೋರೇಮಾನ್ ಚಿತ್ರ ‘ನೋಬಿತಾಸ್ ಲಿಟಲ್ ಸ್ಟಾರ್ ವಾರ್ಸ್’ ಮೂಲ ಲೇಖಕ ಫುಜಿಕೊ ಎಫ್. ಫುಜಿಯೊ ಅವರ ಕಥೆ, ತ್ಸುತೊಮು ಶಿಬಯಾಮಾ ನಿರ್ದೇಶನ. ಹೆಸರೇ ಹೇಳುವಂತೆ ಹಾಲಿವುಡ್ಡಿನ ‘ಸ್ಟಾರ್ ವಾರ್ಸ್’ ಜ್ವರ ಇನ್ನೂ ಇಳಿದಿರದ ಕಾಲದ್ದು. ಸುನಿಯೋ ಆಟಿಕೆ ನೌಕೆಗಳನ್ನಿಟ್ಟುಕೊಂಡು ಬಾಹ್ಯಾಕಾಶ ಯುದ್ಧದ ಸಿನಿಮಾ ತೆಗೆಯುತ್ತಿದ್ದಾನೆ, ಜೊತೆಗೆ ಜಿಯಾನ್ ಮತ್ತು ದೆಕಿಸುಗಿ. ಕೆಲಸ ಕೆಡಿಸಿದ ನೋಬಿತಾನನ್ನು ಹೊರಹಾಕುತ್ತಾರೆ. ದುಡ್ಡು, ಸಾಮಾನು ಎಲ್ಲ ಸುನಿಯೋನದ್ದೇ ಆದಮೇಲೆ ತೀರ್ಪೂ ಅವನದ್ದೇ. ಗಲ್ಲಿ ಕ್ರಿಕೆಟ್ಟಿನಲ್ಲಿ ಬ್ಯಾಟು ತಂದವನು ಔಟಾದರೂ ಔಟಾಗುವುದಿಲ್ಲ, ಹಾಗೆ. ನೋಬಿತಾ ರೋಷಕ್ಕೆ ಬಿದ್ದು ಡೋರೇಮಾನ್ ಮತ್ತು ಶಿಜುಕಾಳನ್ನು ಸೇರಿಸಿಕೊಂಡು, ಅವಳ ಬೊಂಬೆಗಳನ್ನಿಟ್ಟುಕೊಂಡು ತನ್ನದೇ ಸಿನಿಮಾಕ್ಕೆ ಹೊರಡುತ್ತಾನೆ. ಆ ಗಡಿಬಿಡಿಯಲ್ಲೇ ಸಿಗುತ್ತಾನೆ ಪಪಿ, ಪಿರಿಕಾ ಎಂಬ ಗ್ರಹದಿಂದ ಸರ್ವಾಧಿಕಾರಿಯ ಕೈತಪ್ಪಿಸಿಕೊಂಡು ಬಂದ ಬೆರಳುದ್ದದ ಬಾಲ ಅಧ್ಯಕ್ಷ.

ಇಲ್ಲಿ ಫುಜಿಯೊ ಆಡಿದ ಆಟ ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ. ಚಿಕ್ಕ ಮಾದರಿಗಳನ್ನು ದೊಡ್ಡದಾಗಿ ತೋರಿಸುವ ಕಲೆಯಲ್ಲಿ ಜಪಾನಿನವರು ಪಳಗಿದ ಕೈ. 1954ರ ‘ಗಾಡ್ಜಿಲ್ಲಾ’ಗೆ ಎಯ್ಜಿ ತ್ಸುಬುರಾಯಾ ಕಟ್ಟಿದ ಪುಟಾಣಿ ಟೋಕಿಯೊ ನೆನಪಿರಬಹುದು. ಕ್ಯಾಮರಾವನ್ನು ನೆಲಮಟ್ಟಕ್ಕಿಳಿಸಿ, ಹೆಚ್ಚು ವೇಗದಲ್ಲಿ ಚಿತ್ರೀಕರಿಸಿ ಮಾಮೂಲಿ ವೇಗದಲ್ಲಿ ಓಡಿಸಿದರೆ ಬೀಳುವ ಗೋಡೆ ನಿಧಾನವಾಗಿ ಬಿದ್ದು ಟನ್ನುಗಟ್ಟಲೆ ಭಾರದ್ದೆನಿಸುತ್ತದೆ. ನೀರಿನ ಹನಿ, ಬೆಂಕಿಯ ನಾಲಗೆ ಮಾತ್ರ ಮಾದರಿಯ ಜೊತೆ ಕುಗ್ಗುವುದಿಲ್ಲ, ಗುಟ್ಟು ರಟ್ಟಾಗುವುದು ಅಲ್ಲೇ. ಕಾರ್ಟೂನಿನಲ್ಲಿ ಈ ಯಾವ ಉಪಾಯಕ್ಕೂ ಕೆಲಸವಿಲ್ಲ. ನಿಜವಾದ ನೌಕೆ, ಆಟಿಕೆ ನೌಕೆ ಎರಡೂ ಅದೇ ಗೆರೆ, ಅದೇ ಬಣ್ಣ. ಪಕ್ಕದಲ್ಲಿ ಸುನಿಯೋನ ಮುಖ ಬಂದರೆ ಮಾತ್ರ ಅದು ಆಟಿಕೆ.

ಫುಜಿಯೊ ಕಥೆಯನ್ನು ನಿಲ್ಲಿಸಿದ್ದು ಈ ಸಂದಿನಲ್ಲೇ. ಪಪಿಯ ಜೊತೆ ಬೆರೆಯಲೆಂದು ಮಕ್ಕಳು ಡೋರೇಮಾನ್‌ನ ಸ್ಮಾಲ್ ಲೈಟ್ ಎಂಬ ಕುಗ್ಗಿಸುವ ದೀಪದಿಂದ ತಾವೂ ಕುಗ್ಗುತ್ತಾರೆ, ಆ ಲೈಟು ಶತ್ರುವಿನ ಪಾಲಾಗುತ್ತದೆ. ಈಗ ಸುನಿಯೋ ಸಿನಿಮಾಕ್ಕೆಂದು ಜೋಡಿಸಿದ್ದ ರಿಮೋಟಿನ ಆಟಿಕೆ ಟ್ಯಾಂಕುಗಳು ಅವರ ಅಳತೆಗೆ ನಿಜವಾದ ಟ್ಯಾಂಕುಗಳು. ಡೋರೇಮಾನ್ ಅವನ್ನು ಯುದ್ಧಕ್ಕೆ ಸಜ್ಜುಮಾಡುತ್ತಾನೆ. ತಮಾಷೆ ನೋಡಿ, ಆ ಯಂತ್ರಗಳ ಸ್ಕ್ರೂ ಸ್ಕ್ರೂ ಗೊತ್ತಿರುವ ನಿರ್ದೇಶಕನಿಗೇ ಒಳಗೆ ಕೂರುವಷ್ಟರಲ್ಲಿ ಕೈಕಾಲು ಬಿದ್ದುಹೋಗುತ್ತದೆ. ಶಿಜುಕಾ ಹತ್ತಿ ಹೊರಟ ಮೇಲೆಯೇ ಅವನು ಹೊರಡುವುದು. ಹೊರಹಾಕಿಸಿಕೊಂಡ ನೋಬಿತಾನಿಗೆ ಇದರಲ್ಲಿ ಸೇಡಿನ ಖುಷಿ ಕೊಡುವ ಒಂದು ದೃಶ್ಯ ಬರೆಯುವುದು ಬಲು ಸುಲಭವಿತ್ತು. ಫುಜಿಯೊ ಆ ದಾರಿ ಹಿಡಿಯಲಿಲ್ಲ.

ಇದರ ಹೊಸ ಅವತಾರ, ಸುಸುಮು ಯಮಗುಚಿ ನಿರ್ದೇಶನದ್ದು, 2021ಕ್ಕೆಂದು ಸಿದ್ಧವಾಗಿ ಕೋವಿಡ್‌ನಿಂದಾಗಿ 2022ರ ಮಾರ್ಚ್‌ನಲ್ಲಿ ಬಂತು. ಪಪಿಗೆ ಒಬ್ಬ ಅಕ್ಕನನ್ನು ಕೊಟ್ಟಿದ್ದಾರೆ, ಅವಳಿಂದ ಕಥೆಗೆ ಕಣ್ಣೀರು ಹೆಚ್ಚಿದೆ. ಚಿತ್ರಗಳು ಹಳೆಯದಕ್ಕಿಂತ ಎಷ್ಟೋ ಪಾಲು ನಯ. ಆದರೂ ಎರಡರಲ್ಲಿ ಒಂದೇ ನೋಡಲು ಪುರುಸೊತ್ತಿದ್ದರೆ 1985ರದ್ದನ್ನೇ ಹಾಕಿಕೊಳ್ಳಿ. ಅದರ ನೌಕೆಗಳು ಸ್ವಲ್ಪ ಒರಟು, ಮನೆಯಲ್ಲೇ ಕೂತು ಅಂಟಿಸಿದ್ದೆಂದರೆ ನಂಬಬಹುದು. ಹರುಹಿಯದ್ದಾದರೆ ಪ್ರಸಾರವಾದ ಕ್ರಮದಲ್ಲೇ ನೋಡಿ, ಆ ದರಿದ್ರ ಸಿನಿಮಾ ಮೊದಲು, ಅದರ ಹಿಂದಿನ ಕಥೆ ಆಮೇಲೆ. ತಿರುಗಿಸಿ ನೋಡಿದರೆ ಮೊದಲ ನಗು ಕೈತಪ್ಪಿ ಹೋಗುತ್ತದೆ.