ಅರ್ಧ ಕೆರೆದ ತಂತಿ

ಏಪ್ರಿಲ್ ಬಂತೆಂದರೆ ಬೆಂಗಳೂರಿನ ಬಡಾವಣೆಗಳ ಲೈಟುಕಂಬಗಳಲ್ಲಿ ಪಿ.ಜಿ. ಜಾಹೀರಾತಿನ ಮಗ್ಗುಲಿಗೇ ಸಮ್ಮರ್ ಕ್ಯಾಂಪಿನ ಫಲಕ ನೇತಾಡುತ್ತದೆ. ರೋಬೋಟು, ರಾಕೆಟ್ಟು, ಸ್ಲೈಮು, ಜ್ವಾಲಾಮುಖಿ. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ‘ಮಾಡಿ ಕಲಿಯುವ’ ವಿಜ್ಞಾನ. ಅಕ್ಕನ ಮಗಳನ್ನು ಅಂಥ ಒಂದು ಶಿಬಿರಕ್ಕೆ ಬಿಟ್ಟು ಕರೆತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬಿಸಿಲಲ್ಲಿ ಎರಡೆರಡು ಸಲ ಓಡಾಡುವ ಬದಲು ಅಲ್ಲೇ ಹಿಂದಿನ ಬೆಂಚಿನಲ್ಲಿ ಕೂತು ನೋಡಿದೆ.

ಮಕ್ಕಳು ಖುಷಿಯಾಗಿದ್ದರು. ಮೊಬೈಲು ಮರೆತು ಮೂರು ತಾಸು ಕೈಗೆಲ್ಲ ಗೋಂದು ಮೆತ್ತಿಕೊಂಡು ಕೂತದ್ದು ಸಣ್ಣ ಮಾತಲ್ಲ. ಕಸಿವಿಸಿ ಶುರುವಾದದ್ದು ಜ್ವಾಲಾಮುಖಿಯ ದಿನ. ಜೇಡಿಮಣ್ಣಿನ ಗುಡ್ಡ, ಹೊಟ್ಟೆಯಲ್ಲಿ ಅಡುಗೆ ಸೋಡಾ, ಮೇಲಿಂದ ಕೆಂಪು ಬಣ್ಣದ ವಿನೆಗರ್. ಬುಸ್ಸೆಂದು ನೊರೆ, ಜೋರು ಚಪ್ಪಾಳೆ. ಆ ನೊರೆ ಹುಳಿಯೂ ಸೋಡಾವೂ ಕೂಡಿ ಹುಟ್ಟಿಸಿದ ಇಂಗಾಲದ ಡೈಆಕ್ಸೈಡು. ನೆಲದಾಳದಲ್ಲಿ ಬಂಡೆ ಕರಗುವುದಕ್ಕೂ ಅದಕ್ಕೂ ನಂಟಿಲ್ಲ. ಗೋಳಿಬಜೆಯ ಹಿಟ್ಟಿಗೆ ಹುಳಿ ಮೊಸರಿನ ಜತೆ ಸೋಡಾ ಬಿದ್ದಾಗ ಆಗುವುದೂ ಅದೇ. ಹಾಗಂದಿದ್ದರೆ ಮಕ್ಕಳು ಮನೆಗೆ ಹೋಗಿ ಅಡುಗೆಮನೆಯನ್ನು ಬೇರೆ ಕಣ್ಣಲ್ಲಿ ನೋಡುತ್ತಿದ್ದವು. ಜ್ವಾಲಾಮುಖಿ ಅಂದದ್ದರಿಂದ ಬರೀ ಜಾತ್ರೆಯಾಯಿತು.

ಅದಕ್ಕಿಂತ ಹೆಚ್ಚು ಕಾಡಿದ್ದು ಮೋಟಾರು. ಒಂದು ಸೆಲ್ಲು, ಅದರ ಎರಡು ತುದಿಗೆ ರಬ್ಬರಿನಿಂದ ಬಿಗಿದ ಎರಡು ಸೇಫ್ಟಿ ಪಿನ್ನು, ನಡುವೆ ಅಯಸ್ಕಾಂತ, ಪಿನ್ನಿನ ಕಣ್ಣುಗಳಲ್ಲಿ ತೂಗುವ ತಾಮ್ರದ ತಂತಿಯ ಸುರುಳಿ. ಪಂಪ್‌ಸೆಟ್ಟು ಸುಟ್ಟು ರೀವೈಂಡಿಂಗ್ ಅಂಗಡಿಯಲ್ಲಿ ಅಪ್ಪನ ಜತೆ ಕಾದು ನಿಂತ ಮಕ್ಕಳಿಗೆ ಆ ತಂತಿ ಚೆನ್ನಾಗಿ ಗೊತ್ತು: ಮೈತುಂಬ ತೆಳ್ಳನೆಯ ಎನಾಮೆಲ್ ಲೇಪ. ಮೋಟಾರಿನ ಜೀವವಿರುವುದು ಈ ಲೇಪವನ್ನು ಕೆರೆಯುವುದರಲ್ಲಿ. ಒಂದು ತುದಿಯಲ್ಲಿ ಪೂರ್ತಿ ಕೆರೆಯಬೇಕು, ಇನ್ನೊಂದರಲ್ಲಿ ಒಂದು ಮಗ್ಗುಲು ಹಾಗೇ ಬಿಡಬೇಕು. ಎರಡೂ ಕಡೆ ಪೂರ್ತಿ ಕೆರೆದರೆ, ಸುರುಳಿ ಅರ್ಧ ಸುತ್ತು ಹೋಗುತ್ತಲೇ ತಳ್ಳುವ ಬಲ ತಿರುಗಿ ಬಿದ್ದು ಅದನ್ನು ಹಿಂದಕ್ಕೆಳೆಯುತ್ತದೆ. ಲೇಪ ಉಳಿದಿದ್ದರೆ ಆ ಅರ್ಧದಲ್ಲಿ ಕರೆಂಟೇ ಕಡಿದುಹೋಗಿ, ಸುರುಳಿ ಮೊದಲಿನ ಓಟದ ಜೋರಿಗೇ ದಾಟಿಕೊಳ್ಳುತ್ತದೆ. ಅರವಿಂದ ಗುಪ್ತ ಅವರು ಮಾಡಿ ತೋರಿಸಿ ಸಾವಿರಾರು ಮಕ್ಕಳಿಗೆ ದಾಟಿಸಿದ ಆಟಿಕೆಗಳಲ್ಲಿ ಇದೂ ಒಂದು. ಆದರೆ ನಮ್ಮ ಶಿಬಿರದ ಕಿಟ್ಟಿನಲ್ಲಿ ಸುರುಳಿ ಸುತ್ತಿ, ತುದಿ ಕೆರೆದೇ ಕೊಟ್ಟಿದ್ದರು. ಐದೇ ನಿಮಿಷದಲ್ಲಿ ಇಪ್ಪತ್ತೂ ಮೋಟಾರು ತಿರುಗಿದವು, ಫೋಟೊ ಚೆನ್ನಾಗಿ ಬಂತು.

ಕಾನ್ಪುರದ ಐಐಟಿಯಲ್ಲಿ ಎಂಜಿನಿಯರಿಂಗ್ ಓದಿ ಟೆಲ್ಕೊ ಕಂಪನಿಯಲ್ಲಿ ಕೆಲಸಕ್ಕಿದ್ದ ಗುಪ್ತ 1978ರಲ್ಲಿ ರಜೆ ಹಾಕಿ ಹೋದದ್ದು ಮಧ್ಯಪ್ರದೇಶದ ಹೋಶಂಗಾಬಾದಿಗೆ. ಅಲ್ಲಿ 1972ರಲ್ಲಿ ಹದಿನಾರು ಶಾಲೆಗಳಲ್ಲಿ ಮೊದಲಾದ ವಿಜ್ಞಾನ ಕಾರ್ಯಕ್ರಮ ನಡೆಯುತ್ತಿತ್ತು. ಸೈಕಲ್ಲಿನ ವಾಲ್‌ಟ್ಯೂಬಿನ ತುಂಡಿಗೆ ಬೆಂಕಿಕಡ್ಡಿ ಸಿಕ್ಕಿಸಿ ಅವರು ಆಕಾರಗಳನ್ನು ಕಟ್ಟಿಸಿದರು. ಚೌಕ ಒತ್ತಿದರೆ ವಾಲುತ್ತದೆ, ತ್ರಿಕೋನ ಜಪ್ಪಯ್ಯ ಅನ್ನುವುದಿಲ್ಲ. ರೈಲು ಸೇತುವೆಯ ತುಂಬ ತ್ರಿಕೋನಗಳು ಯಾಕೆನ್ನುವುದು ಬೆರಳಿಗೇ ತಿಳಿಯುತ್ತದೆ. ಅದು ರಜೆಯ ಮೋಜಲ್ಲ, ಸರ್ಕಾರಿ ಶಾಲೆಯ ನಿತ್ಯದ ಪಾಠ. 2002ರಲ್ಲಿ ಸರ್ಕಾರವೇ ಅದನ್ನು ನಿಲ್ಲಿಸಿತು. ಶಾಲೆಯಿಂದ ಹೊರಬಿದ್ದ ಸಾಮಾನು ಈಗ ಪೇಟೆಯಲ್ಲಿ ಕಿಟ್ಟಾಗಿ ಸಾವಿರಗಟ್ಟಲೆ ಶುಲ್ಕಕ್ಕೆ ಬಿಕರಿಯಾಗುತ್ತಿದೆ. (ಬೆಂಕಿಕಡ್ಡಿಯ ಜಾಗದಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಕಡ್ಡಿ ಬಂದಿದೆ, ಅಷ್ಟು ಸುಧಾರಣೆ.) 1999ರಲ್ಲಿ ಶುರುವಾದ, ಕುಪ್ಪಂ ಹತ್ತಿರ ಕ್ಯಾಂಪಸ್ಸಿರುವ ಅಗಸ್ತ್ಯ ಪ್ರತಿಷ್ಠಾನದ ವ್ಯಾನುಗಳು ಪ್ರಯೋಗದ ಸಾಮಾನು ಹೊತ್ತು ಕರ್ನಾಟಕದ ಸರ್ಕಾರಿ ಶಾಲೆಗಳಿಗೂ ಬರುತ್ತವೆ, ನಿಜ. ಲೈಟುಕಂಬದ ಫಲಕದ ಲೆಕ್ಕವೇ ಬೇರೆ.

ಶಿಬಿರದವರನ್ನಷ್ಟೇ ದೂರಲಾರೆ. ಕೊನೆಯ ದಿನ ಅಪ್ಪ ಅಮ್ಮಂದಿರು ಬರುತ್ತಾರೆ. ಮಗುವಿನ ಕೈಯಲ್ಲಿ ತಿರುಗದ ಮೋಟಾರಿದ್ದರೆ ದುಡ್ಡು ದಂಡವಾಯಿತು ಅನ್ನುತ್ತಾರೆ. ಹಾಗಾಗಿ ಸೋಲಿಗೆ ವೇಳಾಪಟ್ಟಿಯಲ್ಲಿ ಜಾಗವಿಲ್ಲ. ಒಬ್ಬ ಹುಡುಗನ ಸುರುಳಿ ಬರೀ ತೊನೆಯುತ್ತಿತ್ತು. ಅವನು ಬಗ್ಗಿ ನೋಡುವಷ್ಟರಲ್ಲಿ ಮೇಡಂ ಬಂದು ಬೇರೆ ಸುರುಳಿ ಹಾಕಿಕೊಟ್ಟು ಹೋದರು.

ನಮ್ಮ ಹುಡುಗಿಯ ಮೋಟಾರು ಟಿ.ವಿ. ಪಕ್ಕದಲ್ಲಿ ಎರಡು ದಿನ ತಿರುಗಿತು. ಮೂರನೆಯ ದಿನ ಸ್ವಲ್ಪ ನಿಧಾನವಾಯಿತು. ತಂತಿಯ ತುದಿಗೆ ಕೊಳೆ ಹಿಡಿದಿದೆಯೆಂದು ಅವಳು ಬ್ಲೇಡು ತಗೊಂಡು ಉಳಿದಿದ್ದ ಲೇಪವನ್ನೂ ಹೊಳೆಯುವ ಹಾಗೆ ಕೆರೆದಳು. ಆಮೇಲೆ ಸುರುಳಿ ತೊನೆಯಿತು, ತಿರುಗಲಿಲ್ಲ.

“ಮಾವ, ಕ್ಲೀನ್ ಮಾಡಿದ್ಮೇಲೆ ಯಾಕೆ ನಿಂತೋಯ್ತು?”

ಶಿಬಿರದಲ್ಲಿ ಅವಳ ಬಾಯಿಂದ ಯಾಕೆ ಅನ್ನುವ ಮಾತು ನಾನು ಕೇಳಿರಲಿಲ್ಲ. ಹಳೇ ಮಿಕ್ಸಿಯ ಮೋಟಾರು ಬಿಚ್ಚಿ ಇನ್ನಷ್ಟು ತಂತಿ ತೆಗೆದುಕೊಟ್ಟೆ.