ಆಕರ ಕೋಶ: ಹೇಗೆ ತಿಳಿಯಿತು ಎಂದು ಕೇಳಿ

‘ಆಕರ ಕೋಶವು ದೇಹದ ಯಾವ ಕೋಶವಾಗಿಯಾದರೂ ಮಾರ್ಪಡಬಲ್ಲದು.’ ಸ್ಟೆಮ್ ಸೆಲ್ ಕುರಿತ ಪಾಠಗಳಲ್ಲಿ, ಲೇಖನಗಳಲ್ಲಿ ನೀವು ಈ ವಾಕ್ಯವನ್ನು ಓದಿರುತ್ತೀರಿ. ಎಳೆಯ ಭ್ರೂಣದಿಂದ ಪಡೆದ ಆಕರ ಕೋಶಗಳಿಗೆ ಇದು ಅನ್ವಯಿಸುತ್ತದೆ. ಅಸ್ಥಿಮಜ್ಜೆಯಲ್ಲಿದ್ದು ರಕ್ತಕಣಗಳನ್ನು ಉತ್ಪಾದಿಸುವ ಆಕರ ಕೋಶಗಳಿಗೆ ಅನ್ವಯಿಸದು. ಇನ್ನೂ ದೊಡ್ಡ ಕೊರತೆಯೆಂದರೆ, ಈ ಸಾಮರ್ಥ್ಯ ಇದೆಯೆಂದು ಹೇಗೆ ತಿಳಿಯಿತು ಎಂಬುದನ್ನು ವಾಕ್ಯ ಹೇಳುವುದಿಲ್ಲ. ಜಪಾನಿನ ಎರಡು ಸಂಶೋಧನೆಗಳನ್ನು ಹೋಲಿಸಿದರೆ ಈ ಪ್ರಶ್ನೆಯ ಮಹತ್ವ ನಿಮಗೆ ಮನವರಿಕೆಯಾಗುತ್ತದೆ.

ಮೊದಲನೆಯದು, 2006ರಲ್ಲಿ ಕ್ಯೋಟೊ ವಿಶ್ವವಿದ್ಯಾಲಯದ ತಕಹಾಶಿ ಮತ್ತು ಯಮನಾಕ ‘ಸೆಲ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ. ಇಲಿಯ ಫೈಬ್ರೋಬ್ಲಾಸ್ಟ್ ಕೋಶಗಳಿಗೆ 24 ಜೀನ್‌ಗಳನ್ನು ಸೇರಿಸಿದಾಗ ಕೆಲವು ಕೋಶಗಳು ಭ್ರೂಣದ ಆಕರ ಕೋಶಗಳಂತಾದವು. ಒಂದೊಂದೇ ಜೀನನ್ನು ಬಿಟ್ಟು ಪರೀಕ್ಷಿಸುತ್ತ, ಕೊನೆಗೆ 4 ಜೀನ್‌ಗಳೇ ಸಾಕೆಂದು ಅವರು ಕಂಡುಕೊಂಡರು. ಆ ಕೋಶಗಳನ್ನು ಇಲಿಗೆ ಚುಚ್ಚಿದಾಗ ಬೆಳೆದ ಗಡ್ಡೆಯಲ್ಲಿ ನರ, ಸ್ನಾಯು, ಮೃದ್ವಸ್ಥಿಗಳ ಅಂಗಾಂಶಗಳಿದ್ದವು. ಆದರೆ ಈ ಕೋಶಗಳು ಬೆರೆತ ಭ್ರೂಣಗಳಿಂದ ಬೆಳೆದ ಇಲಿಗಳು ದೊರೆಯಲಿಲ್ಲ. 2007ರಲ್ಲಿ ಕೋಶಗಳನ್ನು ಆಯುವ ವಿಧಾನ ಬದಲಿಸಿದ ಮೇಲೆ ದೊರೆತವು. ಇತರ ಪ್ರಯೋಗಾಲಯಗಳಲ್ಲೂ ದೊರೆತವು.

ಎರಡನೆಯದು 2014ರ ಜನವರಿಯದು. ಇಲಿಮರಿಯ ಗುಲ್ಮದ ಬಿಳಿ ರಕ್ತಕಣಗಳನ್ನು ಸುಮಾರು ಅರ್ಧ ಗಂಟೆ ದುರ್ಬಲ ಆಮ್ಲದಲ್ಲಿಟ್ಟರೆ ಸಾಕು, ಜೀನ್ ಸೇರಿಸಬೇಕಿಲ್ಲ ಎಂದು ರಿಕೆನ್ ಸಂಸ್ಥೆಯ ಒಬೊಕಾಟ ಮತ್ತು ಸಂಗಡಿಗರು ‘ನೇಚರ್’ನಲ್ಲಿ ಬರೆದರು. ಇಲ್ಲಿಯೂ ಗಡ್ಡೆಗಳ, ಇಲಿಗಳ ಚಿತ್ರಗಳಿದ್ದವು. ಆದರೆ ಕೋಶಗಳ ಮೂಲ ಯಾವುದು? ಟಿ ಕೋಶ ಬಲಿಯುವಾಗ ಅದರ ಡಿಎನ್‌ಎಯ ಕೆಲವು ಭಾಗಗಳು ಮರುಜೋಡಣೆಗೊಳ್ಳುತ್ತವೆ; ಹುಟ್ಟುಮಚ್ಚೆಯಂತೆ ಆ ಗುರುತು ಅಳಿಯದು. ಟಿ ಕೋಶಗಳಿಂದಲೇ ಬಂದ ಆಕರ ಕೋಶಗಳಲ್ಲಿ ಅದು ಇರಲೇಬೇಕು. ಪರೀಕ್ಷಿಸಿದ 8 ಕೋಶ ಸಂತತಿಗಳಲ್ಲಿ ಅದಿಲ್ಲವೆಂದು ಮಾರ್ಚ್‌ನಲ್ಲಿ ಅವರೇ ತಿಳಿಸಿದರು. ಜುಲೈನಲ್ಲಿ ಪ್ರಬಂಧಗಳನ್ನು ಹಿಂಪಡೆಯಲಾಯಿತು. ಭ್ರೂಣದ ಆಕರ ಕೋಶಗಳು ಬೆರೆತಿದ್ದವೆಂದು ಮುಂದಿನ ತನಿಖೆ ತೋರಿಸಿತು. 7 ಪ್ರಯೋಗಾಲಯಗಳ 133 ಪ್ರಯತ್ನಗಳು ವಿಫಲವಾದುದು 2015ರಲ್ಲಿ ವರದಿಯಾಯಿತು.

ಎರಡೂ ಪ್ರಬಂಧಗಳ ತೀರ್ಮಾನ ಬಹುಮಟ್ಟಿಗೆ ಒಂದೇ. ಒಂದು ಉಳಿಯಿತು, ಇನ್ನೊಂದು ಬಿತ್ತು. ವ್ಯತ್ಯಾಸವಿದ್ದುದು ಪುರಾವೆಯಲ್ಲಿ.

ಇದು ಪ್ರಯೋಗಾಲಯಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ‘ಯಾವ ಕೋಶವಾಗಿಯಾದರೂ’ ಎಂಬ ಮಾತನ್ನು ನಂಬಿ ಹಣ ತೆರುವ ರೋಗಿಗಳಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ರಕ್ತೋತ್ಪಾದಕ ಆಕರ ಕೋಶಗಳ ಕಸಿಯನ್ನು ಮಾತ್ರ ರೂಢಿಯ ಚಿಕಿತ್ಸೆಯೆಂದು ಒಪ್ಪಿತು. ಉಳಿದ ಬಳಕೆ ಅನುಮತಿ ಪಡೆದ ಪ್ರಯೋಗಗಳಿಗೆ ಸೀಮಿತವೆಂದಿತು.

ಶಿಕ್ಷಕರೇ, ಆ ವಾಕ್ಯವನ್ನು ಕಲಿಸುವಾಗ ಯಾವ ಆಕರ ಕೋಶ, ಯಾವ ಪರೀಕ್ಷೆ, ಬೇರೆಯವರಿಗೂ ಸಾಧ್ಯವಾಯಿತೇ ಎಂಬ ಮೂರು ಪ್ರಶ್ನೆಗಳನ್ನೂ ಕಲಿಸಿ. ವಿದ್ಯಾರ್ಥಿಗಳೇ, ನಿಮ್ಮ ಶಿಕ್ಷಕರು ಮರೆತರೆ ನೀವೇ ಕೇಳಿ.